ಮಕ್ಕಳ ಕಥೆ ಬರೆಯುವವರಿಗೆ ಕಥೆ ಎಲ್ಲಿ ಸಿಗುತ್ತದೆ? ಗಂಗಾವತಿ ಕಡೆಯಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಮಕ್ಕಳಿಗೆ ಕಥೆ ಬರೆಯುವವರಿಗೆ ಅದು ಹೊಳೆಯುವುದು ಎಲ್ಲಿಂದ, ನಾನು ಪೆನ್ನು ಹಿಡಿದು ಕೂತರೆ ನರಿ, ಸಿಂಹ, ಜಾಣ ಮೊಲ ಇಷ್ಟೇ ಬರುತ್ತವೆ, ಏನು ಬರೆಯಬೇಕೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಮನೆಯಲ್ಲಿ ಅಕ್ಕನ ಆರು ವರ್ಷದ ಮಗ ಇದ್ದಾನೆ ಅಂತಲೂ ಬರೆದಿದ್ದೀರಿ. ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಟೀಚರ್. ಹದಿನೆಂಟು ವರ್ಷದಿಂದ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೇನೆ, ಜೊತೆಗೆ ಅವರಿಗಾಗಿ ಬರೆಯುತ್ತೇನೆ. ನನಗೆ ಇದುವರೆಗೆ ಸಿಕ್ಕ ಒಳ್ಳೆಯ ಕಥೆಗಳೆಲ್ಲ ಎದುರಿಗಿದ್ದ ಯಾವುದೋ ಒಂದು ಮಗುವಿನಿಂದಲೇ ಸಿಕ್ಕಿವೆ. ಹಾಗಾಗಿ ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಪ್ರಶ್ನೆಯ ಕೊನೆ ಸಾಲಿನಲ್ಲೇ ಇದೆ ಅನಿಸಿತು.

‘ಏನು ಬರೆಯಬೇಕೋ ತಿಳಿಯುತ್ತಿಲ್ಲ’ ಅಂದಿರಲ್ವಾ? ಇಂಗ್ಲೆಂಡಿನ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಶುರು ಮಾಡಿದ್ದು ಅದೇ ಮಾತಿನಿಂದ. ಅವರಿಗೆ ಹಿಂದೆ ಪಾಠ ಹೇಳಿಕೊಟ್ಟಿದ್ದ ಟೀಚರಮ್ಮನ ಮಗ ನೋಯೆಲ್, ಐದು ವರ್ಷದವನು, 1893ರಲ್ಲಿ ಹುಷಾರಿಲ್ಲದೆ ಮಲಗಿದ್ದ. ಅವನಿಗೆ ಪಾಟರ್ ಒಂದು ಪತ್ರ ಬರೆದರು. ನಿನಗೆ ಏನು ಬರೆಯಲಿ ಗೊತ್ತಾಗುತ್ತಿಲ್ಲ, ಅದಕ್ಕೇ ನಾಲ್ಕು ಮೊಲದ ಮರಿಗಳ ಕಥೆ ಹೇಳುತ್ತೇನೆ ಅಂತ ಶುರು, ನಡುನಡುವೆ ಚಿತ್ರಗಳು. ಅದರಲ್ಲಿ ಬರುವ ಪೀಟರ್ ಅವರು ಸಾಕಿದ್ದ ಮೊಲದ ಹೆಸರು. ಎಷ್ಟೋ ವರ್ಷ ಆದ ಮೇಲೆ ಅದೇ ಪತ್ರ ಪುಸ್ತಕವಾಯಿತು. ಪ್ರಕಾಶಕರು ಒಲ್ಲೆ ಅಂದಾಗ 1901ರಲ್ಲಿ ತಾವೇ 250 ಪ್ರತಿ ಅಚ್ಚು ಹಾಕಿಸಿದರು. ಜಗತ್ತಿನ ಮಕ್ಕಳೆಲ್ಲ ಓದಿದ ಕಥೆ ಮೊದಲು ಕಾಯಿಲೆ ಬಿದ್ದ ಒಬ್ಬ ಹುಡುಗನಿಗಾಗಿ ಹುಟ್ಟಿತು. ಆಲಿಸ್ ಎಂಬ ಹುಡುಗಿಯ ಕಥೆಯೂ ಹಾಗೆಯೇ. 1862ರ ಜುಲೈ 4ರಂದು ಆಕ್ಸ್‌ಫರ್ಡ್ ಹತ್ತಿರ ದೋಣಿಯಲ್ಲಿ ಹೋಗುವಾಗ ಲೇಖಕ ಲೂಯಿಸ್ ಕ್ಯಾರಲ್ ಜೊತೆಗಿದ್ದ ಮೂವರು ಹುಡುಗಿಯರಿಗೆ ಬಾಯಲ್ಲಿ ಹೇಳಿದ್ದು. ಬರೆದು ಕೊಡಿ ಅಂತ ಕೇಳಿದವಳೂ ಅವರಲ್ಲೊಬ್ಬಳೇ.

ನನಗೆ ಇದು ತಿಳಿಯಲು ತಡವಾಯಿತು. ಮೊದಲ ಐದಾರು ವರ್ಷ ನಾನು ನೀತಿಯನ್ನು ಮೊದಲು ಆರಿಸಿಕೊಂಡು ಆಮೇಲೆ ಅದಕ್ಕೊಂದು ಅಳಿಲು ಹುಡುಕುತ್ತಿದ್ದೆ. ಸುಳ್ಳು ಹೇಳಬಾರದು, ಮರ ಕಡಿಯಬಾರದು. ಒಂದು ದಿನ ಅಂಥ ಕಥೆ ಓದುತ್ತಿದ್ದಾಗ ಅರ್ಧದಲ್ಲೇ ಒಬ್ಬ ಹುಡುಗ ಎದ್ದು ನಿಂತು, ‘ಟೀಚರ್ರೀ, ನೀರು ಕುಡಿಯಾಕ ಹೋಗ್ಲೇನ್ರಿ?’ ಅಂದ. ಅವನ ಹಿಂದೆ ಇನ್ನೂ ಐದು ಮಂದಿ. ಯಾರಿಗೂ ಬಾಯಾರಿಕೆ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಆ ಕಥೆಯನ್ನು ಮತ್ತೆ ಯಾರಿಗೂ ಓದಲಿಲ್ಲ.

ನನ್ನ ಬರವಣಿಗೆ ಬದಲಾದದ್ದು ಹಿರೇಬೆಣಕಲ್‌ನಲ್ಲಿ. ಗಂಗಾವತಿಯಿಂದ ಹತ್ತಿರ. ಬಂಡೆಗಳ ನಡುವೆ ಗುಡ್ಡ ಹತ್ತಿ ಹೋದರೆ ಮೇಲೆ ಚಪ್ಪಡಿ ಕಲ್ಲಿನ ಪುಟ್ಟ ಪುಟ್ಟ ಮನೆಗಳು. ನಾಲ್ಕೂ ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಮುಂದೆ ದುಂಡನೆಯ ಕಿಂಡಿ. ಬೇರೆ ಬೇರೆ ಬಗೆಯವೆಲ್ಲ ಸೇರಿ ಸುಮಾರು 400 ಇವೆ. 2000 ವರ್ಷಕ್ಕಿಂತ ಹಳೆಯವು. ಶಿಲಾಯುಗ ಕಳೆದ ಮೇಲೆ, ಕಬ್ಬಿಣ ಬಳಸುತ್ತಿದ್ದ ಜನ ಸತ್ತವರಿಗಾಗಿ ಕಟ್ಟಿದ್ದು ಅಂತ ಇತಿಹಾಸ ಓದಿದವರು ಹೇಳುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ನಮ್ಮ ಕಡೆ ಜನರ ಮಾತು ಬೇರೆ. ಇವು ಮೋರೇರ ಮನೆಗಳು. ಮೋರೇರು ಅಂದರೆ ಮೂರಡಿ ಎತ್ತರದ ಕುಳ್ಳ ಜನ, ಈ ಮನೆಗಳಲ್ಲೇ ಸಂಸಾರ ಮಾಡಿಕೊಂಡಿದ್ದರು ಅಂತ. ನನಗೆ ಎರಡೂ ಬೇಕು. ಮಕ್ಕಳಿಗೂ ಎರಡನ್ನೂ ಹೇಳಿದೆ.

ನಾಲ್ಕನೇ ತರಗತಿಯವರನ್ನು ಕರೆದುಕೊಂಡು ಹೋಗಿದ್ದೆವು. ಮೇಲೆ ಹತ್ತುವಷ್ಟರಲ್ಲಿ ಎಲ್ಲರಿಗೂ ಹಸಿವು. ಬುತ್ತಿ ಬಿಚ್ಚಿದರು, ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಒಬ್ಬ ಹುಡುಗ ಚಪಾತಿ ಹಿಡಿದುಕೊಂಡೇ, ‘ಮೋರೇರು ಒಳಗ ರೊಟ್ಟಿ ಮಾಡಿದ್ರ ಹೊಗಿ ಎಲ್ಲಿಂದ ಹೋಗ್ತಿತ್ರೀ?’ ಅಂತ ಕೇಳಿದ. ಇನ್ನೊಬ್ಬ ಕಿಂಡಿ ತೋರಿಸಿದ. ಇನ್ನೊಬ್ಬಳು, ಅಷ್ಟು ಸಣ್ಣ ಕಿಂಡಿಯಲ್ಲಿ ಮನುಷ್ಯರು ಹೆಂಗ ಒಳಗೆ ಹೋಗುತ್ತಿದ್ದರು ಅಂತ ತಲೆ ತೂರಿಸಲು ಹೋದಳು, ತಡೆದೆ. ಆಗ ಮಾತೇ ಆಡದ ಒಬ್ಬ ಹುಡುಗಿ ಬಂದು ನನ್ನ ಪಕ್ಕ ಕೂತಳು. ಅವಳ ಅಜ್ಜಿ ದಸರಾಕ್ಕೆ ಮೊದಲು ತೀರಿಹೋಗಿದ್ದರು. ಅವಳು ಶಾಲೆಗೆ ಬರುತ್ತಿದ್ದಳು, ಬರೆಯುತ್ತಿದ್ದಳು, ಮಾತು ಮಾತ್ರ ನಿಂತಿತ್ತು.

‘ಟೀಚರ್ರೀ, ಸತ್ತೋರನ್ನ ಇದರಾಗ ಇಟ್ಟಿದ್ರ, ಅವ್ರಿಗೆ ಕಿಂಡಿ ಯಾಕ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನಗೆ ಏನನಿಸುತ್ತೆ ಅಂತ ಅವಳನ್ನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು.

‘ಹೊರಗ ಯಾರ್ ಬಂದಾರ ಅಂತ ನೋಡಾಕ.’

ಅಷ್ಟು ಹೇಳಿ, ತನ್ನ ಚಪಾತಿಯಲ್ಲಿ ಒಂದು ತುಂಡು ಮುರಿದು ಕಿಂಡಿಯ ಅಂಚಿನ ಮೇಲಿಟ್ಟಳು. ಉಳಿದದ್ದನ್ನು ತಾನು ತಿಂದಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಬರೆಯಲು ಕೂತೆ. ಒಬ್ಬ ಮೋರೇರ ಅಜ್ಜಿ. ದಿನಾ ಸಂಜೆ ಕಿಂಡಿಯಿಂದ ಹೊರಗೆ ನೋಡುತ್ತಾಳೆ. ಗುಡ್ಡದ ಕೆಳಗಿನ ಊರಿನ ಹುಡುಗಿಯೊಬ್ಬಳು ಆಡು ಹೊಡೆದುಕೊಂಡು ಬಂದು ಅಲ್ಲೇ ಕೂತು ಬುತ್ತಿ ತಿನ್ನುತ್ತಾಳೆ. ಆ ಜಾಗ ತನಗೆ ಯಾಕೆ ಅಷ್ಟು ಹಿಡಿಸುತ್ತದೆ ಅಂತ ಹುಡುಗಿಗೆ ಗೊತ್ತಿಲ್ಲ. ಆ ಗುಡ್ಡದಲ್ಲಿ ನಗಾರಿಯ ಆಕಾರದ ಒಂದು ದೊಡ್ಡ ಕಲ್ಲಿದೆ, ಬಾರಿಸಿದರೆ ಸದ್ದು ದೂರದವರೆಗೆ ಕೇಳುತ್ತದೆ. ಕಥೆಯಲ್ಲಿ ಒಂದು ಸಂಜೆ ಮಂಜು ಕವಿದು ಹುಡುಗಿಗೆ ದಾರಿ ತಪ್ಪುತ್ತದೆ, ನಗಾರಿ ತಾನಾಗೇ ಬಡಿದುಕೊಳ್ಳುತ್ತದೆ, ಆ ಸದ್ದಿನ ಕಡೆ ನಡೆದು ಅವಳು ಊರು ಸೇರುತ್ತಾಳೆ. ಸಾವಿನ ಬಗ್ಗೆ ಒಂದು ಮಾತೂ ಇಲ್ಲ. ಎರಡು ದಿನ ಬಿಟ್ಟು ತರಗತಿಯಲ್ಲಿ ಓದಿದೆ. ಯಾರೂ ನೀರು ಕೇಳಲಿಲ್ಲ. ಆ ಹುಡುಗಿ ಕೊನೆಗೆ ಕೇಳಿದ್ದು ಒಂದೇ ಮಾತು, ‘ಆಡಿಗೆ ಹೆಸರ ಇಟ್ಟಿಲ್ಲಲ್ರೀ?’ ಅವಳಿಂದಲೇ ಇಡಿಸಿದೆ. ಮಲ್ಲಿ ಅಂತ ಇಟ್ಟಳು. ಅದಾದ ಮೇಲೆ ಮಲ್ಲಿಯ ಬಗ್ಗೆ ಅವಳು ಒಂದೇ ಸಮನೆ ಮಾತಾಡಿದಳು. ನಾನು ಬರೆದಿದ್ದರಲ್ಲಿ ನನಗೆ ತುಂಬಾ ಬೇಕಾದ ಕಥೆ ಅದು.

ಎದುರಿಗೆ ಮಗು ಇಲ್ಲದೆ ಕೂತು ಬರೆಯುವಾಗ ಏನು ಮಾಡಬೇಕು ಅಂತ ನೀವು ಕೇಳಬಹುದು. ಇದಕ್ಕೆ ನನ್ನ ಬಾಲ್ಯದ ಒಂದು ನೆನಪು ಹೇಳುತ್ತೇನೆ. ನಮ್ಮ ಕೊಪ್ಪಳ ಸೀಮೆಯಲ್ಲಿ ತೊಗಲು ಗೊಂಬೆಯಾಟ ಇದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಶಾಲೆಯ ಬೋರ್ಡಿನ ಮೇಲೆ ಅವರ ಹೆಸರನ್ನು ದೊಡ್ಡದಾಗಿ ಬರೆದಿದ್ದೆವು. ನಾನು ಸಣ್ಣವಳಿದ್ದಾಗ ಊರಿಗೆ ಆಟದವರು ಬಂದರೆ ರಾಮಾಯಣಕ್ಕಿಂತ ಜಾಸ್ತಿ ಕಾಯುತ್ತಿದ್ದುದು ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬರುವುದಕ್ಕೆ. ಒಮ್ಮೆ ಪರದೆಯ ಹಿಂದೆ ಹೋಗಿ ಇಣುಕಿದೆ. ದೀಪ, ಸಾಲಾಗಿ ಇಟ್ಟ ಗೊಂಬೆಗಳು, ಅವುಗಳ ಹಿಂದೆ ಕೂತವರು. ಅಲ್ಲಿಂದ ಅವರಿಗೆ ನಾವು ಯಾರೂ ಕಾಣುತ್ತಿರಲಿಲ್ಲ. ಆದರೆ ನಗು ಕೇಳುತ್ತಿತ್ತು. ಹುಡುಗರು ಎಲ್ಲಿ ನಕ್ಕರೋ ಅಲ್ಲಿ ಮಾತು ಬೆಳೆಸುತ್ತಿದ್ದರು, ಎಲ್ಲಿ ಸುಮ್ಮನಾದರೋ ಅಲ್ಲಿ ಬೇಗ ಮುಂದಕ್ಕೆ ಹೋಗುತ್ತಿದ್ದರು. ಬರೆಯುವವರೂ ಪರದೆ ಹಿಂದೆ ಕೂತವರೇ ಅಲ್ವಾ? ಬರೆದದ್ದನ್ನು ಅಕ್ಕನ ಮಗನಿಗೆ ಜೋರಾಗಿ ಓದಿ. ಮುಗಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ, ಪಾಪ, ಚೆನ್ನಾಗಿದೆ ಅಂದುಬಿಡುತ್ತಾನೆ. ಎಲ್ಲಿ ನಕ್ಕ, ಎಲ್ಲಿ ಕಿಟಕಿ ಕಡೆ ನೋಡಿದ, ಅಷ್ಟನ್ನು ಗಮನಿಸಿ.

ಬೇರೆಯವರ ಕಥೆಯಿಂದ ಪ್ರೇರಣೆ ಪಡೆಯುವುದೂ ತಪ್ಪಲ್ಲ. ಕುವೆಂಪು ಅವರ ಕಿಂದರಿಜೋಗಿಗೆ ಮೂಲ ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಪದ್ಯ. ಜರ್ಮನಿಯ ಊರಿನ ಆ ಕಥೆಯನ್ನು ಅವರು ತುಂಗಾ ತೀರಕ್ಕೆ ತಂದರು. ಇಲಿಗಳೂ ಕನ್ನಡದ ಇಲಿಗಳಾದವು. ತುಂಗೆಯ ನೀರು ಮುಂದೆ ನಮ್ಮ ಕಡೆಗೇ ಹರಿದು ಬರುತ್ತದೆ, ಅದಕ್ಕೇ ಏನೋ ನಮ್ಮ ಮಕ್ಕಳಿಗೆ ಅದು ಪಕ್ಕದೂರಿನ ಕಥೆ ಅನಿಸುತ್ತದೆ.

ನಾನು ಮೇಜಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ತಿದ್ದುವುದಿಲ್ಲ. ‘ಡ್ಯಾಮಿನಾಗ ಊರು ಮುಳುಗಿದಾಗ ಗುಬ್ಬಿ ಗೂಡು ಏನಾದ್ವು?’ ಅಂತ ಒಂದಿದೆ. ಇನ್ನೂ ಮುಟ್ಟಿಲ್ಲ ಅದನ್ನು, ಧೈರ್ಯ ಬೇಕು. ಇನ್ನೊಂದು 2024ರ ಆಗಸ್ಟಿನದು. ತುಂಗಭದ್ರಾ ಡ್ಯಾಮಿನ 19ನೇ ಗೇಟು ರಾತ್ರಿ ಕೊಚ್ಚಿಕೊಂಡು ಹೋಯಿತಲ್ಲ, ಆಗ ಇಲ್ಲಿ ಮನೆಮನೆಯಲ್ಲೂ ಅದೇ ಚಿಂತೆ. ಭತ್ತಕ್ಕೆ ನೀರು ಉಳಿಯುತ್ತದೋ ಇಲ್ಲವೋ ಅಂತ ದೊಡ್ಡವರು ಟಿವಿ ಮುಂದೆ ಕೂತಿದ್ದರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಎಲ್ಲರೂ ಉಸಿರು ಬಿಟ್ಟರು. ಆದರೆ ಎರಡನೇ ತರಗತಿಯ ಒಬ್ಬ ಹುಡುಗನಿಗೆ ಸಮಾಧಾನ ಆಗಲಿಲ್ಲ. ‘ಹೊಸಾದು ಹಾಕಿದ್ರು. ಹಳೇದು ಎಲ್ಲಿಗಿ ಹೋತು? ಅದಕ್ಕ ಈಜಾಕ ಬರ್ತದೇನ್ರಿ?’

ದೊಡ್ಡವರು ಯಾರೂ ಆ ಗೇಟಿನ ಬಗ್ಗೆ ಯೋಚಿಸಿರಲಿಲ್ಲ. ನನ್ನ ಕಥೆಯಲ್ಲಿ ಅದು ಹೊಳೆಯ ಜೊತೆ ಹೊರಟಿದೆ. ಹಂಪಿ ದಾಟಿತು, ಆನೆಗುಂದಿಯ ಹರಿಗೋಲಿನವರನ್ನು ಮಾತಾಡಿಸಿತು, ಕಂಪ್ಲಿ ದಾಟಿತು. ಮುಂದೆ ಕರ್ನೂಲು, ಆಮೇಲೆ ಕೃಷ್ಣೆ, ಕೊನೆಗೆ ಸಮುದ್ರ. ವಾರಕ್ಕೊಂದು ತುಂಡು ಬರೆದು ಶನಿವಾರ ಓದುತ್ತೇನೆ. ಆ ಹುಡುಗ ಈಗ ಮೇಲಿನ ತರಗತಿಗೆ ಹೋಗಿದ್ದಾನೆ, ಆದರೂ ಶನಿವಾರ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಹೋದ ವಾರ ಗೇಟು ಮಂತ್ರಾಲಯದ ಹತ್ತಿರ ಬಂತು. ಅಲ್ಲಿ ಅವನ ಸೋದರತ್ತೆ ಇದ್ದಾರಂತೆ. ಎರಡು ದಿನ ಅಲ್ಲೇ ಇರಲಿ, ಅತ್ತೆ ಊಟ ಹಾಕುತ್ತಾರೆ ಅಂದ. ಈ ವಾರದ ತುಂಡಿನಲ್ಲಿ ಅದನ್ನೇ ಬರೆಯುತ್ತಿದ್ದೇನೆ.