‘ಲವ್‌ಲೆಸ್’ ಆಲ್ಬಮ್‌ನ ಗಿಟಾರ್ ಶ್ರುತಿ ಜಾರಿದಂತೆ ಯಾಕೆ ಕೇಳಿಸುತ್ತದೆ?

ಮುಖ್ಯ ಕೆಲಸವೆಲ್ಲ ಬಲಗೈಯದು. ಮೈ ಬ್ಲಡಿ ವ್ಯಾಲೆಂಟೈನ್ ಎಂಬ ರಾಕ್ ತಂಡದ 1991ರ ಈ ಆಲ್ಬಮ್‌ನಲ್ಲಿ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಟ್ರೆಮೊಲೊ ಕಡ್ಡಿಯನ್ನು (ತಂತಿಗಳ ಬಿಗಿ ಬದಲಿಸುವ ಲೋಹದ ಕಡ್ಡಿ) ಕೈಯಲ್ಲಿ ಹಿಡಿದುಕೊಂಡೇ ಸ್ಟ್ರಮ್ ಮಾಡುತ್ತಾರೆ. ಕೈ ಕೆಳಗಿಳಿದಾಗ ಕಡ್ಡಿ ತುಸು ಒತ್ತಿಕೊಂಡು ತಂತಿ ಸಡಿಲಾಗುತ್ತದೆ, ಮೇಲೆ ಬಂದಾಗ ಬಿಗಿಯಾಗುತ್ತದೆ. ಹಾಗಾಗಿ ಇಡೀ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಶ್ರುತಿಯ ಆಚೀಚೆ ತೂಗಾಡುತ್ತದೆ. ಅದಕ್ಕೆ ರಿವರ್ಸ್ ರಿವರ್ಬ್ (ಸದ್ದಿನ ಅನುರಣನವನ್ನು ಹಿಂದುಮುಂದಾಗಿಸುವ ಎಫೆಕ್ಟ್) ಸೇರಿದರೆ ಪಿಕ್ ತಾಗಿದ ಸದ್ದಿನ ಮೊನೆ ಕರಗಿಹೋಗುತ್ತದೆ. ನನ್ನ ಮಟ್ಟಿಗೆ ಆ ದಶಕದ ಗಿಟಾರ್‌ನಲ್ಲಿ ಇಷ್ಟು ಹೊಸದಾದ ದನಿ ಇನ್ನೊಂದಿಲ್ಲ.

ನೀವೇ ನುಡಿಸುವುದಾದರೆ ಜಾಝ್‌ಮಾಸ್ಟರ್ ಅಥವಾ ಜಾಗ್ವಾರ್ ಮಾದರಿಯ ಗಿಟಾರ್ ಒಳ್ಳೆಯದು, ಆದರೆ 9ರ ಸೆಟ್ (ತೆಳು ತಂತಿಗಳು) ಹಾಕಬೇಡಿ. ತಂತಿಗಳನ್ನು ಹೊರುವ ಬ್ರಿಡ್ಜ್ ಮೇಲೆ ಒತ್ತಡ ಸಾಲದೆ ತಂತಿ ತಾನು ಕೂರುವ ಸ್ಯಾಡಲ್‌ನಿಂದ ಜಿಗಿದುಬಿಡುತ್ತದೆ. ಅದಕ್ಕಿಂತ ದಪ್ಪದ 11ರ ಸೆಟ್ ಇರಲಿ. ಕಡ್ಡಿಯನ್ನು ಅದುಮಲು ಹೋಗಬೇಡಿ, ಸ್ಟ್ರಮ್ಮಿನ ತೂಕವೇ ಸಾಕು.