ಮಂಗಳೂರಿಗೆ ಎರಡು ದಿನ ಸಾಕಾ?

ಪ್ರಶ್ನೆ: ಅಕ್ಕಾ, ಡಿಸೆಂಬರಿನಲ್ಲಿ ಅತ್ತೆ-ಮಾವನನ್ನು ಕರೆದುಕೊಂಡು ಕಾರಿನಲ್ಲಿ ಮಂಗಳೂರಿಗೆ ಹೊರಟಿದ್ದೇವೆ. ಎರಡೇ ದಿನ. ಅತ್ತೆಗೆ ಮಂಡಿನೋವು. ಏನೇನು ನೋಡಬಹುದು?
– ಓದುಗರೊಬ್ಬರು, ಮದ್ದೂರು

ಉತ್ತರ: ಸಾಕು ತಂಗಿ, ಪಟ್ಟಿ ಹಿಡಿದು ಓಡದಿದ್ದರೆ. ಮಡಿಕೇರಿ ದಾಟಿದ ಮೇಲೆ ಸಂಪಾಜೆ ಘಾಟಿಯಲ್ಲಿ ತಿರುವು ಜಾಸ್ತಿ. ಹಿರಿಯರಿಗೆ ಮುಂದಿನ ಸೀಟು ಕೊಡಿ.

ಬೆಳಿಗ್ಗೆ ಕದ್ರಿಗೆ ಹೋಗಿ. ಮಂಜುನಾಥನಿಗೆ ಕೈಮುಗಿದು ಸುಮ್ನೆ ಹೊರಡಬೇಡಿ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ.ಶ. 968ರದು. ಮೂರು ಮುಖ, ಆರು ಕೈ. ಹತ್ತಿರ ನಿಂತು ನೋಡಬೇಕು. ಆಮೇಲೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಗೋಡೆ, ಚಾವಣಿ ಬಿಡದೆ ಚಿತ್ರ ಬರೆದಿದ್ದಾರೆ. ಬೆಂಚಿನ ಮೇಲೆ ಕೂತೇ ನೋಡಬಹುದು, ಅತ್ತೆಗೆ ಅನುಕೂಲ ಅಲ್ವಾ?

ಸಂಜೆಗೆ ಹೊಳೆ ದಂಡೆಯಲ್ಲಿರುವ ಟಿಪ್ಪು ಕಾಲದ ಕಾವಲು ಬುರುಜು, ಸುಲ್ತಾನ್ ಬತ್ತೇರಿ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ ಕಡಲತೀರ. ದೋಣಿ ಹತ್ತಿ ಇಳಿಯೋದು ಕಷ್ಟವಾದರೆ ಪಣಂಬೂರು ಕಡಲತೀರಕ್ಕೆ ಕಾರಿನಲ್ಲೇ ಹೋಗಿ. ನನಗೇನೋ ದೋಣಿಯೇ ಇಷ್ಟ.

ಮಾಂಸ ತಿನ್ನುವವರಾದರೆ ಕೋರಿ ರೊಟ್ಟಿ ಬಿಡಬೇಡಿ. ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿ. ಮುರಿದು, ಮೇಲೆ ಕೋಳಿ ಸಾರು ಸುರಿದು ತಿನ್ನೋದು. ಮಾವನವರಿಗೆ ಮುದ್ದೆ ಸಿಗೋದು ಕಷ್ಟ. ಕುಚ್ಚಲಕ್ಕಿ ಅನ್ನವೂ ಒಗ್ಗದಿದ್ದರೆ ಹೋಟೆಲಿನಲ್ಲಿ ‘ಬೆಳ್ತಿಗೆ ಅನ್ನ’ ಕೇಳಿ, ನಮ್ಮ ಬಿಳಿ ಅನ್ನ ಕೊಡುತ್ತಾರೆ.