ಅಮ್ಮನ ಲೋಟ ಬೇರೆ ಇಡಬೇಕಾ?

ಗಂಗಾವತಿಯ ತಂಗಿ,

ನಿಮ್ಮ ಪತ್ರ ಎರಡು ಸಲ ಓದಿದೆ. ಅಮ್ಮನಿಗೆ 58ಕ್ಕೆ ಸ್ತನ ಕ್ಯಾನ್ಸರ್, ಆಪರೇಷನ್ ಆಗಿ ಈಗ ಕೀಮೋ ನಡೆದಿದೆ. ಓಣಿಯವರು ‘ಲೋಟ, ತಟ್ಟೆ ಬೇರೆ ಇಡಿ, ಮಕ್ಕಳನ್ನ ಹತ್ತಿರ ಬಿಡಬೇಡಿ’ ಅನ್ನುತ್ತಾರೆ. ನನಗೂ ಬರುತ್ತದಾ ಅಂತ ನಿಮಗೆ ನಿದ್ದೆ ಇಲ್ಲ. ಕೊನೆಗೆ, ಏನೋ ನೆನಪಾದ ಹಾಗೆ, ‘ತಮ್ಮನಿಗೆ 26, ದಿನಕ್ಕೆ ಹತ್ತು ಪ್ಯಾಕೆಟ್ ಗುಟ್ಕಾ ಬೇಕು, ಈಚೆಗೆ ಮಿರ್ಚಿ ತಿಂದರೆ ಬಾಯಿ ಉರಿಯುತ್ತೆ ಅಂತಾನೆ’ ಅಂತ ಒಂದು ಸಾಲು. ನಾನು ನಿಂತಿದ್ದು ಅಲ್ಲಿ.

ಮೊದಲು ಲೋಟ. ಕ್ಯಾನ್ಸರ್ ಎಂಜಲಿನಿಂದ ಅಂಟಲ್ಲ, ಮುಟ್ಟಿದರೆ ಅಂಟಲ್ಲ, ಮೊಮ್ಮಕ್ಕಳು ಅಜ್ಜಿಯ ಪಕ್ಕ ಮಲಗಲಿ. ಆದರೆ ಕೀಮೋ ನಡೆಯುವಾಗ ಸೋಂಕನ್ನು ತಡೆಯುವ ರಕ್ತದ ಬಿಳಿ ಕಣ ಕಡಿಮೆಯಾಗುತ್ತವೆ. ಆಗ ಹೆದರಬೇಕಾದವರು ಅಮ್ಮ, ಓಣಿಯವರಲ್ಲ! ನೆಗಡಿ, ಕೆಮ್ಮು ಇದ್ದವರು ನೋಡೋಕೆ ಬರೋದೇ ಬೇಡ. ಲೋಟ ಬೇರೆ ಇಟ್ಟರೂ ಅದು ಅಮ್ಮನನ್ನು ಕಾಯೋಕೆ ಅಂತ ಹೇಳಿ ಇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬಾಯಿ ಹುಣ್ಣಾದಾಗ ರೊಟ್ಟಿ ಬಿಟ್ಟು ಗಂಜಿ, ಮೊಸರನ್ನ ಕೊಡಿ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ, ಅಲ್ಲಿಯವರೆಗೆ ಸೆರಗು ಇದೆಯಲ್ಲ.

ಇನ್ನು ನಿಮ್ಮ ಭಯ. ತಾಯಿಗೆ ಬಂದಿದ್ದರೆ ಮಗಳಿಗೆ ಅಪಾಯ ಸುಮಾರು ಎರಡು ಪಟ್ಟು ಅನ್ನುತ್ತಾರೆ. ಎರಡು ಪಟ್ಟು ಅಂದ ಕೂಡಲೇ ಎದೆ ಧಸಕ್ ಅನ್ನುತ್ತೆ, ಆದರೆ ಎಷ್ಟರ ಎರಡು ಪಟ್ಟು ಅಂತ ಕೇಳಬೇಕಲ್ವಾ? ಒಂದು ರೂಪಾಯಿಯ ಎರಡು ಪಟ್ಟು ಎರಡೇ ರೂಪಾಯಿ. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಇಳಿದು ಬರುವ ಜೀನ್‌ನಿಂದ ಆಗುವವು ನೂರಕ್ಕೆ 5ರಿಂದ 10 ಮಾತ್ರ. ಚಿಕ್ಕಮ್ಮ, ಅಜ್ಜಿಗೂ ಬಂದಿತ್ತಾ, ಯಾರಿಗಾದರೂ 50ರೊಳಗೆ ಬಂದಿತ್ತಾ ಅಂತ ಮನೆಯಲ್ಲಿ ಕೇಳಿ, ಅಮ್ಮನ ಡಾಕ್ಟರಿಗೆ ಹೇಳಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಈಗ ತಮ್ಮ. ಖಾರಕ್ಕೆ ಬಾಯಿ ಉರಿಯೋದನ್ನ ‘ಹೀಟ್ ಆಗಿದೆ’ ಅಂತ ಸುಮ್ನೆ ಬಿಡಬೇಡಿ. ಅಡಿಕೆಯಿಂದ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯೋದೇ ಕಡಿಮೆಯಾಗುವ ಕಾಯಿಲೆ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಕೆಲವರಿಗೆ ಅದೇ ಮುಂದೆ ಕ್ಯಾನ್ಸರ್. ‘ಗುಟ್ಕಾ ಬಿಟ್ಟೆ, ಬರೀ ಪಾನ್ ಮಸಾಲ’ ಅಂದರೂ ಒಪ್ಪಬೇಡಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. (ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆದರೆ ಬೈಗುಳದ ಪತ್ರ ಜಾಸ್ತಿ ಬರುತ್ತವೆ. ಬರಲಿ.)

ಇವತ್ತೇ ಅವನ ಮೂರು ಬೆರಳು ಜೋಡಿಸಿ, ನಿಲ್ಲಿಸಿ, ಬಾಯೊಳಗೆ ಇಡೋಕೆ ಹೇಳಿ. ಹಿಡಿಸಲಿಲ್ಲವೋ, ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಹಿಡಿಸಿದರೂ ಉರಿ ಇದೆಯಲ್ಲ, ಹೋಗಿ. ಒಬ್ಬನೇ ಹೋಗಲ್ಲ ಅವನು, ನೀವೇ ಬಸ್ ಹತ್ತಿಸಬೇಕು.